ಮಟ್ಟಾಂಚೇರಿಯ ಯೆಹೂದ್ಯರ ಕೇರಿ

‘ಪರದೇಶಿ’ ಎಂದೊಡನೆ ಕನ್ನಡಿಗನ ಕಣ್ಣಮುಂದೆ ದಿಕ್ಕಿಲ್ಲದವನೊಬ್ಬನ ಚಿತ್ರ ಬಂದು ನಿಲ್ಲುತ್ತದೆ. ನೆರೆಯ ಮಲೆಯಾಳದಲ್ಲಿ ಈ ಮಾತಿಗೆ ಅಷ್ಟು ದೈನ್ಯವಿಲ್ಲ. ಹೊರನಾಡಿನಿಂದ ಬಂದವನು ಎಂದಷ್ಟೇ ಅರ್ಥ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಯೆಹೂದ್ಯರ ಪ್ರಾರ್ಥನಾಮಂದಿರಕ್ಕೆ ಪರದೇಶಿ ಸಿನಗಾಗ್ ಎಂದೇ ಹೆಸರು. ಕಾಲೇಜಿನ ವಿದ್ಯಾರ್ಥಿಗಳೊಡನೆ, ಮಾರ್ಗದರ್ಶಕನೊಬ್ಬನನ್ನು ಮುಂದಿಟ್ಟುಕೊಂಡು ನಾನು ಆ ಕೇರಿಯನ್ನು ನೋಡಿಬಂದೆ.

ಬೀದಿ ಉದ್ದವಾದುದೇನೂ ಅಲ್ಲ. ಎರಡು ಬದಿಗೂ ಹಳೆಯ ಮನೆಗಳು. ಕೆಲವು ಕಿಟಕಿಗಳ ಸರಳಿನಲ್ಲಿ ಆರು ಮೂಲೆಯ ನಕ್ಷತ್ರ. ಗಾಳಿಯಲ್ಲಿ ಮೆಣಸು, ಶುಂಠಿಗಳ ವಾಸನೆ. ಈ ಮೆಣಸೇ ಅಲ್ಲವೆ ಇವರನ್ನು ಕಡಲಾಚೆಯಿಂದ ಕರೆತಂದದ್ದು! ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕ ನಮ್ಮ ಮಂಗಳೂರಿನಲ್ಲಿಯೂ ಹಲವು ವರ್ಷ ನೆಲೆಸಿದ್ದನು. ಕೊಚ್ಚಿಗೆ ಬಂದವರಿಗೆ ಅಲ್ಲಿನ ಅರಸರು ತಮ್ಮ ಅರಮನೆಯ ಮಗ್ಗುಲಲ್ಲಿಯೇ ನೆಲ ಕೊಟ್ಟರು. ಅರಮನೆಯ ದೇವಿಯ ಗುಡಿಗೂ ಸಿನಗಾಗಿಗೂ ನಡುವೆ ಇರುವುದು ಒಂದೇ ಗೋಡೆ. ಹದಿನೆಂಟನೆಯ ಶತಮಾನದಲ್ಲಿ ಎಜೆಕಿಯೆಲ್ ರಾಹಬಿ ಎಂಬ ವರ್ತಕ ಕಟ್ಟಿಸಿದ ಗಡಿಯಾರದ ಗೋಪುರದಲ್ಲಿ ಹೀಬ್ರೂ, ರೋಮನ್, ಮಲೆಯಾಳ ಅಂಕೆಗಳು ಒಂದೇ ಕಾಲವನ್ನು ಬೇರೆ ಬೇರೆ ಮುಖಗಳಲ್ಲಿ ಹೇಳುತ್ತವೆ.

ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಒಳಗೆ ಹೋದೆವು. ಕಾಲಡಿಯಲ್ಲಿ ಚೀನಾದಿಂದ ತರಿಸಿದ ನೀಲಿ ಬಿಳುಪಿನ ಹಾಸುಬಿಲ್ಲೆಗಳು, ಕೈಯಲ್ಲಿ ಬರೆದ ಚಿತ್ರಗಳುಳ್ಳವು. ತಲೆಯ ಮೇಲೆ ಗಾಜಿನ ದೀಪಗುಚ್ಛಗಳು. ಈ ಮಂದಿರದ ನಿಜವಾದ ಒಡವೆಯೆಂದರೆ ಸುಮಾರು ಸಾವಿರ ವರ್ಷ ಹಿಂದಿನ ತಾಮ್ರಶಾಸನ. ಭಾಸ್ಕರ ರವಿವರ್ಮನೆಂಬ ಅರಸನು ಜೋಸೆಫ್ ರಬ್ಬಾನನಿಗೆ 72 ಹಕ್ಕುಗಳನ್ನು ವಟ್ಟೆಳುತ್ತು ಲಿಪಿಯಲ್ಲಿ ಬರೆಯಿಸಿಕೊಟ್ಟದ್ದು. ಹಗಲು ದೀವಟಿಗೆ, ಪಲ್ಲಕ್ಕಿ, ಛತ್ರಿ, ಭೇರಿ, ಕಹಳೆ: ನಮ್ಮ ಶಾಸನಗಳನ್ನು ಓದಿದವರಿಗೆ ಇವು ಹೊಸ ಮಾತುಗಳಲ್ಲ. ಪರದೇಶದ ಮೂಲದವನೊಬ್ಬನನ್ನು ಅರಸು ಹೀಗೆ ಮನ್ನಿಸಿದನೆಂದು ಮಾರ್ಗದರ್ಶಕನು ಹೆಮ್ಮೆಯಿಂದ ಹೇಳಿದನು.

ಆಗ ವಿದ್ಯಾರ್ಥಿನಿಯೊಬ್ಬಳು, “ಈ ಹೊರಕೋಣೆ ಯಾರಿಗಾಗಿ?” ಎಂದು ಕೇಳಿದಳು. ಆತನು ಕ್ಷಣಕಾಲ ಸುಮ್ಮನಿದ್ದು, “ಅದನ್ನೂ ಹೇಳಬೇಕಾದದ್ದೇ” ಎಂದನು.

ಪರದೇಶಿಗಳು ಇಲ್ಲಿಯ ಹಳೆಯ ಮಲಬಾರಿ ಯೆಹೂದ್ಯರೊಡನೆ ಕೊಳುಕೊಡೆ ಇಟ್ಟುಕೊಳ್ಳಲಿಲ್ಲ. ತಮ್ಮವರ ಮನೆಗಳಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದವರ ಸಂತತಿಗೆ ಒಳಗಿನ ಪೀಠಗಳ ಮೇಲೆ ಕುಳಿತುಕೊಳ್ಳುವ ಹಕ್ಕನ್ನೂ ಕೊಡಲಿಲ್ಲ. ದೇವರು ಒಬ್ಬನೇ, ಗ್ರಂಥವೂ ಒಂದೇ. ಸ್ಥಾನ ಮಾತ್ರ ಹೊರಗೆ. ಆ ಸಂತತಿಯವರೇ ಆದ ಎ. ಬಿ. ಸೇಲಂ ಅವರು (1882-1967) ವಕೀಲರಾಗಿ, ಕೊಚ್ಚಿಯ ಶಾಸನಸಭೆಯಲ್ಲಿ ಕುಳಿತವರು. ತಮ್ಮ ದೇವಮಂದಿರದಲ್ಲಿ ಕುಳಿತುಕೊಳ್ಳುವುದಕ್ಕೆ ಸತ್ಯಾಗ್ರಹ ಹೂಡಬೇಕಾಯಿತು. ಗಾಂಧೀಜಿಯವರ ಮಾರ್ಗವನ್ನು ಹಿಡಿದ ಅವರ ಹಟದಿಂದ ಕಟ್ಟುಪಾಡು ಕ್ರಮೇಣ ಸಡಿಲಿತು. ಇಂದು ಆ ಬೀದಿಗೆ ಅವರದೇ ಹೆಸರು.

ಹೊರಗಿನಿಂದ ಬಂದವರು ನಮ್ಮಿಂದ ಆಶ್ರಯವನ್ನು ಪಡೆದರೆಂದು ನಾವು ಹೇಳಿಕೊಳ್ಳುತ್ತೇವೆ. ನಿಜ. ಆದರೆ ಮೇಲುಕೀಳಿನ ಪಾಠವೂ ಈ ನೆಲದಲ್ಲಿ ಸುಲಭವಾಗಿ ದೊರೆಯುತ್ತದೆಂಬುದನ್ನು ಮರೆಯಬಾರದು.

1948ರಲ್ಲಿ ಇಸ್ರೇಲ್ ಹುಟ್ಟಿತು. 1950ರ ದಶಕದಲ್ಲಿ ಮಲಬಾರಿ ಯೆಹೂದ್ಯರು ಗುಂಪು ಗುಂಪಾಗಿ ಅಲ್ಲಿಗೆ ಹೊರಟರು. ಮುಂದೆ ಪರದೇಶಿಗಳ ಮನೆಗಳೂ ಒಂದೊಂದಾಗಿ ಬರಿದಾದುವು. ಕೇರಿಯ ಇನ್ನೊಂದು ತುದಿಯ ಕಡವುಂಭಾಗಂ ಸಿನಗಾಗಿನ ಒಳಗಿನ ಮರಗೆಲಸವು ಜೆರುಸಲೇಮಿನ ಇಸ್ರೇಲ್ ವಸ್ತುಸಂಗ್ರಹಾಲಯವನ್ನು ಸೇರಿತು. ಹೆಂಗಸರು ಮಾತ್ರ ಹೊರಡುವಾಗ ತಮ್ಮ ಮಲೆಯಾಳದ ಹಾಡುಗಳನ್ನು ಕೈಬರಹದ ಪುಸ್ತಕಗಳಲ್ಲಿ ಒಯ್ದರು. ಮದುವೆಯ ಮನೆಯಲ್ಲಿ ತಾಯಿಯಿಂದ ಮಗಳಿಗೆ ಬರುವ ಹಾಡು ಏನೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೀಬ್ರೂ ನಾಡಿನಲ್ಲಿ ಮಲೆಯಾಳವನ್ನು ಹಾಡುತ್ತ ಅವರು ಮತ್ತೊಮ್ಮೆ ಪರದೇಶಿಗಳಾದರು.

ಸಾಮೂಹಿಕ ಪ್ರಾರ್ಥನೆಗೆ ವಯಸ್ಸಿಗೆ ಬಂದ ಹತ್ತು ಮಂದಿ ಗಂಡಸರು ಕೂಡಬೇಕೆಂಬುದು ಯೆಹೂದ್ಯರ ಸಾಂಪ್ರದಾಯಿಕ ನಿಯಮ. ಈ ಕೇರಿಯಲ್ಲಿ ಆ ಹತ್ತು ಮಂದಿ ಕೂಡದೆ ಬಹಳ ಕಾಲವಾಯಿತು. ಒಂದು ಕಾಲದಲ್ಲಿ ಕೆಲವರಿಗೆ ಇಲ್ಲವೆಂದ ಪೀಠಗಳು ಈಗ ತೆರವಾಗಿವೆ; ನೋಡುವುದಕ್ಕೆ ಬಂದ ನಮ್ಮಂಥವರು ಅವುಗಳ ಮುಂದೆ ನಿಂತು ಹೊರಬರುತ್ತೇವೆ. ಪರದೇಶಿ ಎಂಬ ಮಾತಿಗೆ ನಮ್ಮ ಕನ್ನಡದಲ್ಲಿರುವ ಅರ್ಥ ನನಗೆ ಆ ಹೊಸ್ತಿಲಲ್ಲಿ ನೆನಪಾಯಿತು.