ಸಂಗೀತಶ್ರವಣ ಮತ್ತು ನಿತ್ಯಸ್ವಾಸ್ಥ್ಯ

ಅನ್ನ, ನೀರು, ಗಾಳಿ ಇವುಗಳ ಶುದ್ಧಿಯ ವಿಷಯದಲ್ಲಿ ಆರೋಗ್ಯಶಾಸ್ತ್ರದ ಪಾಠಗಳು ನಮಗೆ ಬೇಕಾದಷ್ಟನ್ನು ಬೋಧಿಸಿವೆ. ಆದರೆ ಕಿವಿಯ ಮೂಲಕ ಒಳಹೊಗುವ ಆಹಾರದ ವಿಷಯದಲ್ಲಿ ಮಾತ್ರ ನಾವು ತೀರ ಉದಾಸೀನರು. ಬಾಯಿಗೆ ತುಟಿಗಳೂ ಕಣ್ಣಿಗೆ ರೆಪ್ಪೆಗಳೂ ಉಂಟು, ಕಿವಿಗೆ ಕದವಿಲ್ಲ. ಠಾಣೆಯಿಂದ ಕಲ್ಯಾಣದವರೆಗೆ ರೈಲುಹಾದಿಯ ಎರಡೂ ಮಗ್ಗುಲಲ್ಲಿ ವಾಸಿಸುವ ನಮ್ಮ ವಿದ್ಯಾರ್ಥಿಗಳಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದುದೇನೂ ಇಲ್ಲ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಸತಿಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ಲಿಗಿಂತ ಹೆಚ್ಚು ಸದ್ದು ಇರಕೂಡದು. ಡೊಂಬಿವಲಿಯ ಹಳಿಗಳ ಬದಿಯ ಕೋಣೆಯಲ್ಲಿ ಓದಲು ಕುಳಿತವನಿಗೆ ಈ ಅಂಕಿಗಳು ಯಾವುದೋ ಅನ್ಯದೇಶದ ವೃತ್ತಾಂತದಂತೆ ತೋರಿದರೆ ಆಶ್ಚರ್ಯವಿಲ್ಲ. ಸದ್ದನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ದಿನದಲ್ಲಿ ಅರ್ಧಗಂಟೆಯ ಕಾಲ ಕಿವಿಗೆ ಏನನ್ನು ಉಣಿಸಬೇಕೆಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಶಾಸ್ತ್ರೀಯ ಸಂಗೀತವೆಂದೊಡನೆ ನಮ್ಮ ಹುಡುಗರಲ್ಲಿ ಅನೇಕರು, ಅದು ಪಂಡಿತರಿಗೂ ಸಿರಿವಂತರಿಗೂ ಸಂಬಂಧಪಟ್ಟದ್ದೆಂದು ದೂರ ಸರಿಯುತ್ತಾರೆ. ಅದು ಶರೀರದಲ್ಲಿ ಮಾಡುವ ಕೆಲಸಕ್ಕೆ ಪಾಂಡಿತ್ಯದ ಅಗತ್ಯವಿಲ್ಲವೆಂಬುದನ್ನು ಮೊದಲು ತಿಳಿಯಬೇಕು. ಇಟಲಿಯ ಪಾವಿಯಾ ವಿಶ್ವವಿದ್ಯಾಲಯದ ಲುಚಿಯಾನೊ ಬರ್ನಾರ್ಡಿ ಎಂಬ ವೈದ್ಯವಿಜ್ಞಾನಿ ಮತ್ತು ಆತನ ಸಂಗಡಿಗರು 2006ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಅವರು 24 ಮಂದಿಯನ್ನು ಆರಿಸಿದರು. ಅವರಲ್ಲಿ ಅರ್ಧ ಜನರು ಸಂಗೀತ ಕಲಿತವರು, ಉಳಿದರ್ಧ ಕಲಿಯದವರು. ಆರು ಬಗೆಯ ಸಂಗೀತವನ್ನು ಅವರಿಗೆ ಕೇಳಿಸಲಾಯಿತು. ಅವುಗಳಲ್ಲಿ ನಮ್ಮ ಸಿತಾರದ ಒಂದು ರಾಗವೂ ಇದ್ದಿತು. ಲಯವು ತ್ವರಿತವಾದಂತೆ ಉಸಿರೂ ನಾಡಿಯೂ ರಕ್ತದೊತ್ತಡವೂ ಏರಿದವು. ನಡುವೆ ಎರಡು ನಿಮಿಷ ಸಂಗೀತವನ್ನು ನಿಲ್ಲಿಸಿ ಮೌನವನ್ನಿಟ್ಟಾಗ ಅವೆಲ್ಲವೂ ಮೊದಲಿಗಿಂತಲೂ ಕೆಳಕ್ಕೆ ಇಳಿದವು! ಸಂಗೀತವೆಷ್ಟೋ ಅದರ ನಡುವಣ ನಿಶ್ಶಬ್ದವೂ ಅಷ್ಟೇ ಹಿತಕಾರಿಯೆಂಬುದು ಇದರಿಂದ ವ್ಯಕ್ತವಾಯಿತು. ಆಲಾಪದಲ್ಲಿ ಗಾಯಕನು ಒಂದು ಸ್ವರದ ಮೇಲೆ ನಿಂತು, ಬಿಟ್ಟು, ತಂಬೂರಿಯ ನಾದವೊಂದನ್ನೇ ಕ್ಷಣಕಾಲ ಉಳಿಯಗೊಡುವುದನ್ನು ಬಲ್ಲವರಿಗೆ ಇದು ಹೊಸ ಸಂಗತಿಯೆನಿಸದು.

ಇನ್ನು ವಿಲಂಬಿತ ಖ್ಯಾಲಿನ ನಡಿಗೆಯನ್ನು ಗಮನಿಸಿರಿ. ಹನ್ನೆರಡು ಮಾತ್ರೆಗಳ ಏಕತಾಲವನ್ನು ಅತಿವಿಲಂಬದಲ್ಲಿ ಬಾರಿಸಿದರೆ ಒಂದು ಆವರ್ತನಕ್ಕೆ ಸುಮಾರು ಒಂದು ನಿಮಿಷವೇ ಹಿಡಿಯುವುದುಂಟು. ಕೇಳುವವನ ಉಸಿರು ತಾನಾಗಿ ನಿಧಾನಕ್ಕೆ ಬರುತ್ತದೆ. ಮನಸ್ಸು ‘ಸಮ್’ ಎಂಬ ಆ ಮೊದಲ ಮಾತ್ರೆಯ ಬರವನ್ನು ಕಾಯುತ್ತದೆ. ಹೀಗೆ ಕಾಯುವುದರಲ್ಲಿಯೇ ಒಂದು ಸುಖವಿದೆ. ಕೆನಡಾದ ಮಾಂಟ್ರಿಯಲ್ ನಗರದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಂತೆ, ಮೆಚ್ಚಿನ ಸಂಗೀತವನ್ನು ಕೇಳುವಾಗ ಮೆದುಳಿನಲ್ಲಿ ಡೋಪಮೀನ್ ಎಂಬ ದ್ರವ್ಯವು ಸ್ರವಿಸುತ್ತದೆ. ಪರಮಾನಂದದ ಕ್ಷಣದಲ್ಲಿ ಮಾತ್ರವಲ್ಲ, ಆ ಕ್ಷಣವನ್ನು ನಿರೀಕ್ಷಿಸುತ್ತಿರುವಾಗಲೂ ಸ್ರವಿಸುತ್ತದೆ. ಮೊಬೈಲಿನ ಪರದೆಯ ಮೇಲೆ ಹದಿನೈದು ಸೆಕೆಂಡಿಗೊಂದು ದೃಶ್ಯವನ್ನು ಬೆರಳಿನಿಂದ ತಳ್ಳುವ ಅಭ್ಯಾಸಕ್ಕೆ ಸಿಕ್ಕಿದ ಮನಸ್ಸು ಕಾಯುವುದನ್ನೇ ಮರೆಯುತ್ತಿದೆ. ಗಣಿತದ ಒಂದು ಸಮಸ್ಯೆಯ ಮುಂದೆ ಹತ್ತು ನಿಮಿಷ ಕುಳಿತಿರಲಾರದ ಬಾಲಕರನ್ನು ನಾವು ತರಗತಿಯಲ್ಲಿ ದಿನವೂ ಕಾಣುತ್ತಿದ್ದೇವೆ. ಇಂಥವರಿಗೆ ಅರ್ಧಗಂಟೆಯ ರಾಗಶ್ರವಣವು ಒಂದು ವ್ಯಾಯಾಮವೆಂದೇ ನಮ್ಮ ಅಭಿಪ್ರಾಯ. ನಿದ್ರೆ ಬಾರದವರಿಗೂ ಮೃದು ಸಂಗೀತದಿಂದ ಉಪಯೋಗವಾಗುವುದೆಂದು ವೈದ್ಯರು ನಡೆಸಿದ ಹಲವು ಪ್ರಯೋಗಗಳು ತೋರಿಸಿವೆ.

ಆದರೆ ಸಂಗೀತ ಕೇಳಿದರೆ ಪರೀಕ್ಷೆಯಲ್ಲಿ ಅಂಕಗಳು ಹೆಚ್ಚುವುವೆಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ. 1993ರಲ್ಲಿ ಕ್ಯಾಲಿಫೋರ್ನಿಯಾದ ಕೆಲವರು 36 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟನ ಪಿಯಾನೊ ಕೃತಿಯೊಂದನ್ನು ಹತ್ತು ನಿಮಿಷ ಕೇಳಿಸಿ, ಆಕೃತಿಗಳನ್ನು ಊಹಿಸುವ ಶಕ್ತಿ ತುಸು ಹೆಚ್ಚಿದುದನ್ನು ಕಂಡರು. ಅದೂ ಕಾಲುಗಂಟೆಯೊಳಗೆ ಅಳಿಸಿಹೋಯಿತು. ಇಷ್ಟಕ್ಕೇ ಜಗತ್ತೆಲ್ಲ ಗುಲ್ಲೆದ್ದಿತು. ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರನಂತೂ 1998ರಲ್ಲಿ ಹುಟ್ಟಿದ ಪ್ರತಿಯೊಂದು ಕೂಸಿಗೂ ಸಂಗೀತದ ಮುದ್ರಿಕೆಯನ್ನು ಕೊಡಿಸಹೊರಟನು. ಮರುವರ್ಷವೇ ಹಲವು ಪರೀಕ್ಷೆಗಳನ್ನು ಕೂಡಿಸಿ ನೋಡಿದಾಗ ಆ ಲಾಭವು ನಗಣ್ಯವೆಂದು ಕಂಡುಬಂದಿತು. ಸಂಗೀತವು ಪಾಠವನ್ನು ಓದಿಕೊಡದು. ಓದಲು ಕುಳಿತವನ ಕಳವಳವನ್ನು ಇಳಿಸಬಲ್ಲುದು, ಅಷ್ಟೆ. ಅದೇನು ಸಣ್ಣ ಉಪಕಾರವೆ?

ಹಾಗೆಯೇ ಔಷಧಿಯ ಸ್ಥಾನವನ್ನೂ ಅದಕ್ಕೆ ಕೊಡಲಾಗದು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಪ್ಪ ಕೊಮಕಾಳಿಮಠ ಎಂಬ ಬಾಲಕನು ಮುಂಬಯಿಯ ದೇವಧರ ಮಾಸ್ತರರ ಶಾಲೆಯಲ್ಲಿ ಕಲಿತು ಕುಮಾರ ಗಂಧರ್ವರೆಂದು ಲೋಕಪ್ರಸಿದ್ಧನಾದುದು ನಿಮಗೆ ತಿಳಿದಿರಬಹುದು. 1940ರ ದಶಕದ ಕೊನೆಯಲ್ಲಿ ಅವರಿಗೆ ಕ್ಷಯರೋಗ ತಗುಲಿತು. ಮಾಳವ ಪ್ರಾಂತದ ದೇವಾಸದಲ್ಲಿ ವರ್ಷಗಳ ಕಾಲ ಹಾಸಿಗೆ ಹಿಡಿದರು. ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಅವರನ್ನು ಉಳಿಸಿದುದು ಆಗ ತಾನೇ ದೊರೆಯತೊಡಗಿದ್ದ ಸ್ಟ್ರೆಪ್ಟೊಮೈಸಿನ್ ಔಷಧವೂ ಮನೆಯವರ ಶುಶ್ರೂಷೆಯೂ. ಆದರೆ ಆ ಮಲಗಿದ ವರ್ಷಗಳಲ್ಲಿ ಅವರು ಮಾಡಿದ ಕೆಲಸವೊಂದಿತ್ತು: ಕೇಳುವುದು. ಕಿಟಕಿಯ ಹೊರಗೆ ಮಾಳವದ ಹಳ್ಳಿಗರು ಹಾಡಿಕೊಳ್ಳುತ್ತಿದ್ದ ಪದಗಳನ್ನು ಅವರು ಏಕಚಿತ್ತದಿಂದ ಆಲಿಸಿದರು. ಒಂದು ಶ್ವಾಸಕೋಶ ಕೆಟ್ಟಿದ್ದರೂ ಮರಳಿ ಹಾಡತೊಡಗಿದಾಗ, ಆ ಕೇಳಿದ ಧಾಟಿಗಳಿಂದಲೇ ಅವರಿಗೆ ಹೊಸ ರಾಗಗಳು ಒದಗಿದವು.

ಕೇಳುವುದೊಂದರಿಂದಲೇ ಬಾಳಿನ ದಿಕ್ಕು ಬದಲಾದವರು ನಮ್ಮ ಸೀಮೆಯಲ್ಲಿ ಇನ್ನೂ ಹಲವರು. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ತಂದೆ ಗುರುರಾಜ ಜೋಶಿಯವರು ಶಿಕ್ಷಕರು. ಮಗನು ಭಜನೆಯ ಮೇಳಗಳ ಬೆನ್ನುಹತ್ತಿ ಎಲ್ಲೆಲ್ಲೋ ಹೋಗಿ ನಿದ್ರಿಸುತ್ತಿದ್ದುದರಿಂದ, ‘ಜೋಶಿ ಮಾಸ್ತರರ ಮಗ’ ಎಂದು ಅವನ ಅಂಗಿಯ ಮೇಲೆಯೇ ಬರೆದಿಟ್ಟಿದ್ದರಂತೆ! ಅಬ್ದುಲ್ ಕರೀಂಖಾನರ ಝಿಂಝೋಟಿ ರಾಗದ ಠುಮರಿಯ ಮುದ್ರಿಕೆಯನ್ನು ಕೇಳಿ ಹನ್ನೊಂದರ ಆ ಹುಡುಗನು 1933ರಲ್ಲಿ ಗುರುವನ್ನರಸುತ್ತ ಮನೆಬಿಟ್ಟನು. (ಮನೆ ಬಿಡುವ ಭಾಗವನ್ನು ನೀವು ಅನುಕರಿಸಬೇಕಾಗಿಲ್ಲ.) ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಕಲಿಯುವುದಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಗಾಡಿಯ ಓಡಾಟವು ಸಂಗೀತಕ್ಕೆ ಅಡ್ಡಿಯೆಂದು ನಮ್ಮ ಊರಿನವರು ಹೇಳುವಂತಿಲ್ಲ. ಇವರೆಲ್ಲರ ಮನೆಮಾತು ಕನ್ನಡ. ನಮ್ಮ ಶಾಲೆಯ ಮಾತೂ ಅದೇ. ಇಷ್ಟಾಗಿ ಇವರ ಹೆಸರನ್ನೇ ಕೇಳದೆ ನಮ್ಮ ಮಕ್ಕಳು ಹತ್ತನೆಯ ತರಗತಿಯನ್ನು ದಾಟಿಹೋಗುತ್ತಿರುವುದು ನಮಗೆ ಬಹಳ ನೋವಿನ ಸಂಗತಿ.

ಕೇಳುವ ಕ್ರಮ ಸುಲಭ. ಆಕಾಶವಾಣಿಯು 2016ರಲ್ಲಿ ಆರಂಭಿಸಿದ ‘ರಾಗಂ’ ವಾಹಿನಿಯಲ್ಲಿ ಹಿಂದುಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳ ಸಂಗೀತವು ಹಣವಿಲ್ಲದೆ ದೊರೆಯುತ್ತದೆ. ಒಂದು ವಾರವೆಲ್ಲ ಒಂದೇ ರಾಗವನ್ನು, ಒಂದೇ ವೇಳೆಗೆ ಕೇಳಿರಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಯಮನ್ ಆದರೆ ಉತ್ತಮ. ಬೆಳಿಗ್ಗೆ ಭೈರವ, ಮಧ್ಯಾಹ್ನ ಭೀಮಪಲಾಸಿ, ರಾತ್ರಿ ದರಬಾರಿ ಎಂಬ ಸಮಯನಿಯಮವು ಪ್ರಯೋಗಶಾಲೆಯಲ್ಲಿ ಸಿದ್ಧವಾದುದಲ್ಲ, ಪರಂಪರೆಯಿಂದ ಬಂದುದು. ಆದರೂ ದಿನಕ್ಕೊಂದು ಕಟ್ಟನ್ನು ಕೊಡುತ್ತದೆ. ಮನೆಯಲ್ಲಿ ತಾಯಿ ಅಡಿಗೆ ಮಾಡುತ್ತಿರುವಾಗ ಎಲ್ಲರಿಗೂ ಕೇಳುವಂತೆ ಹಚ್ಚುವುದು ಲೇಸು. ಭೋಜನಗೃಹದ ಕೆಲಸ ಮುಗಿಸಿ ತಡವಾಗಿ ಬರುವ ತಂದೆಗೂ ಅದರ ಪಾಲು ಸಲ್ಲಬೇಕಷ್ಟೆ.

ಗಾಡಿಯ ಗದ್ದಲದಲ್ಲಿ ಇಯರ್‌ಫೋನನ್ನು ಕಿವಿಗೆ ತುರುಕಿ, ಗದ್ದಲವನ್ನು ಮೀರಿಸುವಷ್ಟು ಸದ್ದನ್ನೇರಿಸುವ ಪರಿಪಾಠ ಮಾತ್ರ ಅಪಾಯಕರ. ದೊಡ್ಡವರು ವಾರಕ್ಕೆ 40 ಗಂಟೆ 80 ಡೆಸಿಬೆಲ್ಲಿನವರೆಗೆ, ಮಕ್ಕಳು 75ರವರೆಗೆ ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಮಿತಿ ಹಾಕಿದೆ. ಒಳಗಿವಿಯ ಸೂಕ್ಷ್ಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಕಛೇರಿಯನ್ನು ಎದುರಿಗೆ ಕುಳಿತು ಕೇಳಬೇಕೆಂಬವರು ಮುಂಬಯಿಗೆ ಹೋಗಬೇಕಾಗಿಲ್ಲ. ಕಲ್ಯಾಣದ ಗಾಯನ ಸಮಾಜವು 1926ರಿಂದ ನಡೆದುಬಂದಿದ್ದು, ಅದರ ದೇವಗಂಧರ್ವ ಮಹೋತ್ಸವವು ಭಾಸ್ಕರಬುವಾ ಬಖಲೆಯವರ ಸ್ಮರಣಾರ್ಥವಾದುದು. ಆ ಭಾಸ್ಕರಬುವಾ ಅವರು ಕೆಲವು ವರ್ಷ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ, ಮುಂದೆ ಶಿಕ್ಷಕರಾಗಲಿದ್ದವರಿಗೆ ಸಂಗೀತವನ್ನು ಕಲಿಸುತ್ತಿದ್ದರು.