ಮೂರು ಜಿಲ್ಲೆಗಳ ಸೈಕಲ್ ಸುತ್ತು: ಹಂಪಿ ಸೀಮೆಯ ವರ್ತಕರಿಗೊಂದು ಅವಕಾಶ

ಹಂಪಿಗೆ ಕಾರಿನಲ್ಲಿ ಬಂದವರು ವಿರೂಪಾಕ್ಷನ ದರ್ಶನ ಪಡೆದು, ಕಲ್ಲಿನ ರಥದೆದುರು ನಿಂತು, ಸಂಜೆಯೊಳಗೆ ಹೊಸಪೇಟೆಯ ಹೋಟೆಲಿಗೆ ಮರಳುತ್ತಾರೆ. ದಾರಿಯ ಹಳ್ಳಿಗಳಿಗೆ ಅವರಿಂದ ದೊರೆಯುವುದು ಧೂಳಷ್ಟೇ. ಬಾಡಿಗೆ ಸೈಕಲ್ ಹತ್ತಿದವನ ಸಂಗತಿ ಬೇರೆ. ಅವನಿಗೆ ದಣಿವುಂಟು, ಬಾಯಾರಿಕೆಯುಂಟು. ಎಳನೀರಿನ ಗಾಡಿಯ ಬಳಿಯೂ, ಖಾನಾವಳಿಯ ಮುಂದೆಯೂ, ಪಂಕ್ಚರ್ ಅಂಗಡಿಯಲ್ಲಿಯೂ ಅವನು ನಿಲ್ಲಲೇಬೇಕು. ಹೋದ ದಾರಿಯಲ್ಲೇ ಹಿಂದಿರುಗದೆ ಸುತ್ತಿಕೊಂಡು ಬರುವಂತಾದರೆ ಅವನ ಹಣ ಇನ್ನಷ್ಟು ಊರುಗಳನ್ನು ಮುಟ್ಟುತ್ತದೆ.

ಅಂಥ ಸುತ್ತೊಂದು ಇಲ್ಲಿ ತಾನಾಗಿಯೇ ರೂಪುಗೊಂಡಿದೆ. ಹಂಪಿಯಿಂದ ಕಮಲಾಪುರಕ್ಕೆ ಬಂದು ವಸ್ತುಸಂಗ್ರಹಾಲಯವನ್ನು ನೋಡಿ, ಬುಕ್ಕಸಾಗರ-ಕಡೆಬಾಗಿಲು ಸೇತುವೆಯ ಮೂಲಕ ತುಂಗಭದ್ರೆಯನ್ನು ದಾಟಿದರೆ ಆನೆಗೊಂದಿ. ಇಲ್ಲಿನ ಮಹಿಳೆಯರು ಬಾಳೆನಾರಿನಿಂದ ಚೀಲ, ಚಾಪೆಗಳನ್ನು ತಯಾರಿಸುತ್ತಾರೆ. ಈ ಕಸುಬಿಗೆ ಕಿಷ್ಕಿಂದ ಟ್ರಸ್ಟ್ ಆಸರೆಯಾಗಿದೆ. ಮುಂದೆ ಅಂಜನಾದ್ರಿ, ಪಂಪಾ ಸರೋವರ, ಭತ್ತದ ಗದ್ದೆಗಳ ನಡುವಿನ ಸಣಾಪುರ. ಮರಳುವಾಗ ತಳವಾರಘಟ್ಟದಲ್ಲಿ ಸೈಕಲ್ಲನ್ನು ಹರಿಗೋಲಿಗೇರಿಸಿ ಹೊಳೆ ದಾಟುವ ಸೊಗಸನ್ನು ಕಾರಿನವರು ಕಾಣಲಾರರು.

ಆದರೆ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ದಿನ ಹರಿಗೋಲು ನಿಲ್ಲುತ್ತದೆ, ಸುತ್ತು ತುಂಡಾಗುತ್ತದೆ. ಹೊಳೆ ದಾಟುವ ಪ್ರಶ್ನೆ ಈ ಸೀಮೆಯಲ್ಲಿ ಎಂದೂ ಸುಲಭದ್ದಾಗಿಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯನ್ನು, ಸೇತುವೆ ನಿರ್ಮಾಣದ ಕಾರಣಕ್ಕಾಗಿಯೇ 1999ರಲ್ಲಿ ಯುನೆಸ್ಕೊ ಅಪಾಯದ ಪಟ್ಟಿಗೆ ಸೇರಿಸಿತು. ಆ ಕಳಂಕ ತೊಡೆದುಹೋದುದು 2006ರಲ್ಲಿ. ಆನೆಗೊಂದಿಯ ಆ ಸೇತುವೆಯು ಪೂರ್ಣಗೊಳ್ಳುವ ಮುನ್ನವೇ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರ ಜೀವಹಾನಿಯಾಯಿತು. 2011ರಲ್ಲಿ ಹಂಪಿ ಬಜಾರಿನ ಮಳಿಗೆಗಳು, 2020ರಲ್ಲಿ ವಿರೂಪಾಪುರ ಗಡ್ಡಿಯ ರೆಸಾರ್ಟುಗಳು ತೆರವಾದವು. ಬಂಡವಾಳ ಹೂಡುವವರು ಇದನ್ನು ಮರೆಯುವಂತಿಲ್ಲ. ಪರಂಪರೆ ಪ್ರದೇಶದಲ್ಲಿ ಕಟ್ಟಡ ಎಬ್ಬಿಸುವ ಮೊದಲು ಪ್ರಾಧಿಕಾರದ ಅನುಮತಿ ಬೇಕು. ಸೈಕಲ್ ವ್ಯಾಪಾರಕ್ಕಾದರೋ ಕಟ್ಟಡವೇ ಬೇಕಿಲ್ಲ, ಒಂದು ಚಪ್ಪರ ಸಾಕು!

ಇನ್ನು ದೊಡ್ಡ ಸುತ್ತು. ಹೊಸಪೇಟೆಯಿಂದ ಸಂಡೂರು, ಅಲ್ಲಿಂದ ತೋರಣಗಲ್ಲು, ಕುರೆಕುಪ್ಪ, ದರೋಜಿ ಮಾರ್ಗವಾಗಿ ಕಂಪ್ಲಿ ತಲುಪಿ, ಕಮಲಾಪುರದ ಮೇಲೆ ಹಿಂದಿರುಗಬಹುದು. ನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿಯಾದ್ದರಿಂದ ಒಂದು ರಾತ್ರಿಯ ತಂಗು ಅನಿವಾರ್ಯ, ಲಾಭವಿರುವುದೂ ಅಲ್ಲಿಯೇ. ಸಂಡೂರಿನಲ್ಲಿ ಕುಮಾರಸ್ವಾಮಿ ಬೆಟ್ಟದ ಹಸುರು, ಪ್ರಾಚೀನ ಪಾರ್ವತಿ ದೇವಾಲಯ, ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಲಂಬಾಣಿ ಕಸೂತಿ ಇವೆ. ಕಸೂತಿಯ ಕೈಚೀಲ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಬಹುದಾದ ಸರಕು. ಕಂಪ್ಲಿಯಲ್ಲಿ ಹೊಳೆದಂಡೆಯ ಹಳೆಯ ಕೋಟೆಯಿದೆ.

ಈ ಸುತ್ತು ಇನ್ನೂ ಕುದುರದಿರುವುದಕ್ಕೆ ಮುಖ್ಯ ಕಾರಣ ಅದಿರಿನ ಲಾರಿ. ಸಂಡೂರು-ತೋರಣಗಲ್ಲು ನಡುವೆ ರಸ್ತೆಯಂಚಿನಲ್ಲಿ ಸೈಕಲ್ಲಿಗೆ ಭದ್ರವಾದ ಜಾಗ ದೊರೆಯದ ಹೊರತು ಹೊರಗಿನವರನ್ನು ಆಹ್ವಾನಿಸುವುದು ಸಲ್ಲದು. ದರೋಜಿಯ ಕರಡಿಧಾಮದ ಆಸುಪಾಸಿನಲ್ಲಿ ಮುಸ್ಸಂಜೆಯ ನಂತರ ಸವಾರಿ ಬೇಡ. ಇದರೊಂದಿಗೆ ಆಡಳಿತದ ತೊಡಕೂ ಉಂಟು: 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿ ಅಲ್ಲಿಗೆ ಸೇರಿವೆ, ಸಂಡೂರು, ಕುರೆಕುಪ್ಪ, ಕಂಪ್ಲಿ ಬಳ್ಳಾರಿಯಲ್ಲೇ ಉಳಿದಿವೆ, ಆನೆಗೊಂದಿ ಕೊಪ್ಪಳದ್ದು. ಒಂದೇ ಬಗೆಯ ದಾರಿಫಲಕ ನೆಡಲು ಮೂರು ಜಿಲ್ಲಾಡಳಿತಗಳು ಒಪ್ಪಬೇಕು. ಈ ಮಾತುಕತೆಗೆ ಮೂರೂ ಕಡೆಯ ವರ್ತಕ ಸಂಘಗಳೇ ಮುಂದಾದರೆ ಕೆಲಸ ಬೇಗ ಸಾಗೀತು.

ಫಲಕಕ್ಕೆ ಕಾಯದೆ ಮಾಡಬಹುದಾದುದೂ ಉಂಟು. ಉಕ್ಕಿನ ಕಾರ್ಖಾನೆಯ ನೆರೆಯ ಕುರೆಕುಪ್ಪ ಈ ಹಾದಿಯ ನಡುದಾರಿಯ ಊರು. ದೂರ ಸವಾರಿಯ ಗೇರ್ ಸೈಕಲ್ಲುಗಳಲ್ಲಿ ಹಲವಕ್ಕೆ ತೆಳುವಾದ ವಾಲ್ವ್ ಇರುತ್ತದೆ. ಊರಿನ ಸಾಧಾರಣ ಪಂಪು ಅದಕ್ಕೆ ಹಿಡಿಯದು. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಒಂದನ್ನೂ ಆ ಅಳತೆಯ ನಾಲ್ಕಾರು ಟ್ಯೂಬುಗಳನ್ನೂ ಇಟ್ಟುಕೊಂಡ ಅಂಗಡಿಯ ಹೆಸರು ಸವಾರರ ಬಾಯಿಂದ ಬಾಯಿಗೆ ಬೆಂಗಳೂರಿನವರೆಗೂ ಹೋಗುತ್ತದೆ.