ಶಸ್ತ್ರ ಮೊದಲೋ, ಔಷಧ ಮೊದಲೋ?

ಕಣ್ಣು ಹಳದಿಯಾದೊಡನೆ ಕಾಮಾಲೆಯೆಂದು ಬಗೆದು ನೆಲನೆಲ್ಲಿಯ ರಸ ಕುಡಿಸುವುದು ನಾಡಿನ ಹಳೆಯ ರೂಢಿ. ಕೃಷ್ಣೆಯ ಮಗ್ಗುಲಿನ ಬೀಳಗಿ ಸೀಮೆಯ ಮನೆಗಳೂ ಇದಕ್ಕೆ ಹೊರತಲ್ಲ. ಪಥ್ಯವಾಯಿತು, ಔಷಧವಾಯಿತು, ಹಳದಿ ಮಾತ್ರ ಇಳಿಯಲಿಲ್ಲ. ಮೈಯೆಲ್ಲ ತುರಿಕೆ, ಊಟ ಸೇರದು, ತೂಕ ಇಳಿಯುತ್ತಿದೆ ಎಂದಾಗ ಮನೆಯ ಹಿರಿಯರನ್ನು ಬಾಗಲಕೋಟೆಗೋ ಹುಬ್ಬಳ್ಳಿಗೋ ಕರೆದೊಯ್ಯುತ್ತಾರೆ. ಸಿ.ಟಿ. ಚಿತ್ರ ನೋಡಿದ ವೈದ್ಯರು ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿಸಿದರೆ, ಮನೆಮಂದಿಯ ಬಾಯಿಂದ ಹೊರಡುವ ಪ್ರಶ್ನೆ ಒಂದೇ: “ಆಪರೇಶನ್ ಮಾಡಿದ್ರ ಆರಾಮ ಆಗ್ತಾರೇನ್ರಿ, ಸಾಹೇಬ್ರ?”

ಇದಕ್ಕೆ ಹೌದು ಅಥವಾ ಇಲ್ಲವೆಂಬ ಎರಡೇ ಉತ್ತರಗಳಿಲ್ಲ, ನಡುವೆ ಮೂರನೆಯದೊಂದುಂಟು. ಕುಟುಂಬಗಳು ತೊಳಲಾಡುವುದು ಅಲ್ಲಿಯೇ.

ಈ ಗ್ರಂಥಿಯು ಜಠರದ ಹಿಂದೆ, ಬೆನ್ನೆಲುಬಿನ ಮುಂದೆ ಅಡ್ಡಲಾಗಿ ಮಲಗಿದೆ. ಅದರ ತಲೆಭಾಗದಲ್ಲಿ ಗಂತಿ ಬೆಳೆದರೆ ಪಿತ್ತನಾಳವು ಅದುಮಿ ಹೋಗಿ ಕಾಮಾಲೆ ಕಾಣಿಸುತ್ತದೆ. ಆ ಭಾಗವನ್ನು ತೆಗೆದು ಕರುಳನ್ನು ಮರುಜೋಡಿಸುವ ಶಸ್ತ್ರಕ್ರಿಯೆಯನ್ನು ನ್ಯೂಯಾರ್ಕಿನ ಡಾಕ್ಟರ್ ಆಲನ್ ವಿಪ್ಪಲ್ ೧೯೩೫ರಲ್ಲಿ ಪ್ರಕಟಪಡಿಸಿದರು. ಇಂದಿಗೂ ಅದು ಅವರ ಹೆಸರನ್ನೇ ಹೊತ್ತಿದೆ. ಆದರೆ ರೋಗ ತಿಳಿದುಬರುವ ಹೊತ್ತಿಗೆ ನೂರಕ್ಕೆ ೧೫ರಿಂದ ೨೦ ಮಂದಿಗೆ ಮಾತ್ರ ಅದು ನೇರವಾಗಿ ಒದಗುತ್ತದೆ. ಏಕೆಂದರೆ ಗ್ರಂಥಿಗೆ ಅಂಟಿಕೊಂಡೇ ಕರುಳಿನ ದೊಡ್ಡ ರಕ್ತನಾಳಗಳು ಹಾಯ್ದಿವೆ. ಗಂತಿಯು ಅಪಧಮನಿಯ ಸುತ್ತಳತೆಯ ಅರ್ಧಕ್ಕಿಂತ ಹೆಚ್ಚನ್ನು ತಬ್ಬಿದ್ದರೆ ಶಸ್ತ್ರ ಬಹುಕಷ್ಟ. ಅರ್ಧದೊಳಗಿದ್ದರೆ ಅದು ಗಡಿಯಲ್ಲಿನ ರೋಗ.

ಗಡಿಯಲ್ಲಿದ್ದವರಿಗೆ ಇಂದು ಹೆಚ್ಚಾಗಿ ಔಷಧವೇ ಮೊದಲು. ಕೂಡಲೇ ಕೊಯ್ದರೆ ರೋಗದ ಅಂಚು ಒಳಗೇ ಉಳಿಯಬಹುದು. ಔಷಧ ಕೊಡುತ್ತಿರುವ ತಿಂಗಳುಗಳಲ್ಲಿ ರೋಗವು ಯಕೃತ್ತಿಗೆ ಹರಡಿದ್ದು ಕಂಡುಬಂದರೆ, ವ್ಯರ್ಥ ಶಸ್ತ್ರಕ್ರಿಯೆಯ ಯಾತನೆಯಾದರೂ ತಪ್ಪುತ್ತದೆ. ಶಸ್ತ್ರಕ್ಕೆ ಒದಗುವ ಇಲ್ಲವೆ ಗಡಿಯಲ್ಲಿದ್ದ ರೋಗಿಗಳ ಮೇಲೆ ಡಚ್ ವೈದ್ಯರು ನಡೆಸಿ ೨೦೨೨ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಔಷಧ ಮತ್ತು ವಿಕಿರಣವನ್ನು ಮೊದಲು ಪಡೆದವರಲ್ಲಿ ನೂರಕ್ಕೆ ಸುಮಾರು ೨೦ ಮಂದಿ ಐದು ವರ್ಷ ಬದುಕಿದ್ದರು. ಮೊದಲೇ ಶಸ್ತ್ರಕ್ಕೆ ಹೋದವರಲ್ಲಿ ೬-೭ ಮಂದಿ.

ಆದರೆ ಔಷಧವೂ ಸುಲಭದ್ದಲ್ಲ. ಫಾಲ್ಫಿರಿನಾಕ್ಸ್ ಎಂಬ ಬಲವಾದ ಔಷಧಕೂಟವನ್ನು ಎರಡು ವಾರಕ್ಕೊಮ್ಮೆ, ಹೆಚ್ಚುಕಡಿಮೆ ಎರಡು ದಿನ ನರದೊಳಗೆ ಹನಿಸಬೇಕು. ಭೇದಿ, ಕೈಕಾಲು ಜೋಮು, ರಕ್ತದ ಬಿಳಿಕಣಗಳ ಕುಸಿತ ಅದರ ಬೆನ್ನಿಗಿವೆ. ಓಡಾಡಿಕೊಂಡಿರುವವರು ತಾಳಿಯಾರು, ಹಾಸಿಗೆ ಹಿಡಿದವರಿಗೆ ಸೌಮ್ಯವಾದ ಔಷಧವೇ ಲೇಸು. ಅದಕ್ಕೂ ಮುನ್ನ ಪಿತ್ತನಾಳದಲ್ಲಿ ಸ್ಟೆಂಟ್ ಇರಿಸಿ ಕಾಮಾಲೆಯನ್ನು ಇಳಿಸಬೇಕು.

ರೋಗ ಈಗಾಗಲೇ ಹರಡಿದ್ದರೆ ಶಸ್ತ್ರದಿಂದ ಆಯುಷ್ಯ ಬೆಳೆಯದು. ಆಗ ನೋವಿನ ನರಕ್ಕೆ ಚುಚ್ಚುಮದ್ದು, ಮಾರ್ಫಿನ್, ಊಟ ಅರಗಲು ಕಿಣ್ವದ ಗುಳಿಗೆ ಇವೂ ಚಿಕಿತ್ಸೆಯೇ. ಇವನ್ನು ಆರಿಸಿಕೊಂಡವರು ಸೋತವರಲ್ಲ.

ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ, ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗೆ ನೆರವುಂಟು. ಹೊಲ ಮಾರುವ ಮುನ್ನ ಮನೆಯವರು ಕೇಳಬೇಕಾದ ಮಾತುಗಳಿವೆ: ರೋಗ ಯಾವ ಹಂತದ್ದು? ಈ ಶಸ್ತ್ರಕ್ರಿಯೆ ಇಲ್ಲಿ ಆಗಾಗ್ಗೆ ನಡೆಯುತ್ತದೆಯೇ? ಔಷಧಕ್ಕೆ ರೋಗ ಬಗ್ಗದಿದ್ದರೆ ಮುಂದೇನು?

ಎಲ್ಲಕ್ಕೂ ಮಿಗಿಲಾದ ಪ್ರಶ್ನೆ ವೈದ್ಯರಿಗಲ್ಲ, ರೋಗಿಗೆ. ಇದೇ ರೋಗವಿದ್ದ ಗೋವೆಯ ಮುಖ್ಯಮಂತ್ರಿ ಮನೋಹರ ಪರ್ರೀಕರ್ ೨೦೧೯ರ ಜನವರಿಯಲ್ಲಿ ಮೂಗಿನಲ್ಲಿ ನಳಿಕೆಯಿದ್ದಂತೆಯೇ ಬಜೆಟ್ ಮಂಡಿಸಿದರು. ಮಾರ್ಚ್ ೧೭ರಂದು ತೀರಿಕೊಂಡರು. ಉಳಿದ ದಿನಗಳನ್ನು ಹೇಗೆ ಕಳೆಯಬೇಕೆಂಬುದು ಅವರವರ ಮನಸ್ಸಿಗೆ ಬಿಟ್ಟದ್ದು. ಮನೆಯಲ್ಲಿ ಮಾತ್ರ ಎಲ್ಲರೂ ಪಡಸಾಲೆಯಲ್ಲಿ ಪಿಸುಗುಟ್ಟುತ್ತಾರೆ, ಹಿರಿಯರಿಗೆ ಏನನ್ನೂ ತಿಳಿಸುವುದಿಲ್ಲ. ಒಕ್ಕಲುತನ, ಮದುವೆ, ಸಾಲ ಎಲ್ಲವನ್ನೂ ಅವರನ್ನೇ ಕೇಳಿ ನಡೆಸಿದ ಮನೆ, ಅವರ ದೇಹದ ಮಾತನ್ನೂ ಅವರನ್ನೇ ಕೇಳುವುದು ನ್ಯಾಯ.